ಮಾಂತ್ರಿಕ ತನ್ನ ಪ್ರಾಣದ ಗುಟ್ಟನ್ನು ತಾನೇ ಯಾಕೆ ಹೇಳ್ತಾನೆ?

ಏಳು ಸಮುದ್ರದಾಚೆ ಗಿಳಿಯಲ್ಲಿ ಪ್ರಾಣ ಇಟ್ಟ ಮಾಂತ್ರಿಕನ ಕಥೆ ಹೇಳಿದಾಗಲೆಲ್ಲ ಮಕ್ಕಳು ನನಗೆ ಇದನ್ನೇ ಕೇಳುತ್ತಾರೆ: "ಅಷ್ಟು ಕಷ್ಟಪಟ್ಟು ಬಚ್ಚಿಟ್ಟವನು, ಹೊತ್ತು ತಂದ ರಾಣಿಗೆ ಅದನ್ನು ಯಾಕೆ ಹೇಳ್ತಾನೆ? ದಡ್ಡನಾ?" ದೊಡ್ಡವರೂ ಕೇಳುತ್ತಾರೆ, ಸ್ವಲ್ಪ ನಗುತ್ತಾ.

ದಡ್ಡ ಅಲ್ಲ. ಅವನಿಗೆ ಅವಳು ಒಲಿಯಬೇಕು, ಅಷ್ಟೆ.

ಪಂಚ್‌ಕಿನ್ ಅನ್ನೋ ಮಾಂತ್ರಿಕನ ಕಥೆ ನೋಡಿ. 1868ರಲ್ಲಿ ಮೇರಿ ಫ್ರೇರ್ ಅಚ್ಚು ಹಾಕಿಸಿದ 'ಓಲ್ಡ್ ಡೆಕ್ಕನ್ ಡೇಸ್' ಪುಸ್ತಕದಲ್ಲಿದೆ. ಹೇಳಿದವಳು ಅವರ ಮನೆಯ ಆಯಾ, ಆನ್ನಾ ಲಿಬರಾಟಾ ಡಿಸೋಜಾ. (ಅವಳ ತಾತನ ಮನೆಯವರು ಮೊದಲು ಲಿಂಗಾಯತರು, ಆಮೇಲೆ ಕ್ರೈಸ್ತರಾದವರು. ಈ ಕಥೆ ನಮ್ಮ ಕಡೆಯಿಂದಲೂ ಹಾದು ಹೋಗಿರಬಹುದು ಅಂತ ನನಗೆ ಸುಮ್ನೆ ಒಂದು ಆಸೆ.)

ಪಂಚ್‌ಕಿನ್ ಬಾಲ್ನಾ ಎಂಬ ರಾಣಿಯನ್ನು ಹನ್ನೆರಡು ವರ್ಷ ಕೂಡಿಹಾಕಿದ್ದಾನೆ. ಮದುವೆಯಾಗು ಅಂತ ಅವನು, ಆಗಲ್ಲ ಅಂತ ಅವಳು. ಅವಳನ್ನು ಹುಡುಕಿಕೊಂಡು ಮಗ ಬರುತ್ತಾನೆ. ಅವತ್ತು ಬಾಲ್ನಾ ವರಸೆ ಬದಲಿಸುತ್ತಾಳೆ. ನಯವಾಗಿ ಮಾತಿಗೆಳೆದು, ನಿನಗೆ ಸಾವೇ ಇಲ್ವಾ ಅಂತ ಕೇಳುತ್ತಾಳೆ. ಅವನು ಉಬ್ಬಿಹೋಗಿ ಎಲ್ಲ ಹೇಳಿಬಿಡುತ್ತಾನೆ: ದೂರದ ಕಾಡು, ಸುತ್ತ ತಾಳೆಮರ, ನಡುವೆ ಒಂದರ ಮೇಲೊಂದು ಆರು ನೀರಿನ ಮಡಕೆ, ಅದರಡಿ ಪಂಜರ, ಪಂಜರದಲ್ಲಿ ಹಸಿರು ಗಿಳಿ.

ಅಲ್ಲಿಗೆ ಅವನ ಕಥೆ ಮುಗೀತು. ಗಿಳಿ ತರೋದು, ರೆಕ್ಕೆ ಕಿತ್ತಾಗ ಮಾಂತ್ರಿಕನ ತೋಳು ಬೀಳೋದು, ಕುತ್ತಿಗೆ ತಿರುಚೋದು ಎಲ್ಲ ಮಗನ ಓಡಾಟ. ನಿಜವಾದ ಯುದ್ಧ ಮನೆಯೊಳಗೇ ಆಗಿಹೋಗಿದೆ. ಕೈಯಲ್ಲಿ ಕತ್ತಿ ಇಲ್ಲದವಳು ಬರೀ ಮಾತಲ್ಲಿ ಗೆದ್ದಿದ್ದಾಳೆ.

ನಾರ್ವೆಯಲ್ಲೂ ಇಂಥದ್ದೇ ಒಂದು ಕಥೆ ಇದೆ. ಅಲ್ಲಿಯವನು ಜನರನ್ನು ಕಲ್ಲಾಗಿಸುವ ರಾಕ್ಷಸ, ಆದರೆ ಇವನಷ್ಟು ಬೇಗ ಬಾಯಿ ಬಿಡುವವನಲ್ಲ. ಅವನ ಮನೆಯಲ್ಲಿರುವ ರಾಜಕುಮಾರಿ, ನಿಮ್ಮ ಹೃದಯ ಎಲ್ಲಿಟ್ಟಿದ್ದೀರಿ ಅಂದರೆ ಹೊಸಿಲ ಕೆಳಗೆ ಅಂತಾನೆ. ಅವಳು ಅಗೆದು ನೋಡುತ್ತಾಳೆ, ಏನೂ ಇಲ್ಲ. ಮಣ್ಣು ಮುಚ್ಚಿ ಹೊಸಿಲ ತುಂಬಾ ಹೂವು ಚೆಲ್ಲುತ್ತಾಳೆ. ಇದೇನು ಅಂತ ಕೇಳಿದರೆ, "ನಿಮ್ಮ ಹೃದಯ ಇಲ್ಲಿದೆ ಅಂದ್ರಲ್ಲ, ಅದಕ್ಕೇ." ಮರುದಿನ ಬೀರುವಿನಲ್ಲಿದೆ ಅಂತಾನೆ. ಬೀರುವಿಗೂ ಹೂವು! ಮೂರನೇ ಸಲ ಕರಗಿ ನಿಜ ಹೇಳುತ್ತಾನೆ: ಕೆರೆಯ ನಡುವೆ ದ್ವೀಪ, ದ್ವೀಪದಲ್ಲಿ ಚರ್ಚು, ಚರ್ಚಿನ ಬಾವಿಯಲ್ಲಿ ಬಾತುಕೋಳಿ, ಬಾತುಕೋಳಿಯೊಳಗೆ ಮೊಟ್ಟೆ. ಅದರೊಳಗೆ ಹೃದಯ. ಆ ಹೊಸಿಲ ಹೂವಿನಷ್ಟು ಚೂಪಾದ ಆಯುಧ ನಾನು ಯಾವ ಕಥೆಯಲ್ಲೂ ಓದಿಲ್ಲ.

ಒಳ್ಳೆಯವರೂ ಹೀಗೇ ಸಿಕ್ಕಿಬೀಳುತ್ತಾರೆ. ಸುಮಾರು 3,200 ವರ್ಷ ಹಳೆಯ ಈಜಿಪ್ಟ್ ಕಥೆಯ ಬಾಟಾ, ತನ್ನ ಹೃದಯ ಮರದ ತುದಿಯ ಹೂವಿನ ಮೇಲಿದೆ ಅಂತ ಹೆಂಡತಿಗೆ ಹೇಳುತ್ತಾನೆ. ಆಮೇಲೆ ಅವಳೇ ರಾಜನಿಗೆ ಹೇಳಿ ಆ ಮರ ಕಡಿಸುತ್ತಾಳೆ.

ಈಗಿನ ಮಕ್ಕಳು ತಕ್ಷಣ ಹ್ಯಾರಿ ಪಾಟರ್ ಎತ್ತುತ್ತಾರೆ. ಅದರ ಖಳನಾಯಕ ವೊಲ್ಡೆಮಾರ್ಟ್ ಕೂಡ ಜೀವವನ್ನು ಚೂರು ಮಾಡಿ ಬಚ್ಚಿಡುತ್ತಾನೆ, ಆದರೆ ಗುಟ್ಟು ಬಿಡಲ್ಲ, ಅಲ್ವಾ? ಹೌದು. ಅವನಿಗೆ ಯಾರೂ ಒಲಿಯಬೇಕಾಗಿಲ್ಲ, ಹಾಗಾಗಿ ಬಾಲ್ನಾಳ ಹಾಗೆ ಪಕ್ಕದಲ್ಲಿ ಕೂತು ಕೇಳುವವರೂ ಇಲ್ಲ. ಅದಕ್ಕೇ ಹ್ಯಾರಿಯ ಗುರು ಡಂಬಲ್‌ಡೋರ್ ಕಂಡಕಂಡವರ ಹಳೇ ನೆನಪು ಕೆದಕಿ ಪತ್ತೇದಾರಿಕೆ ಮಾಡಬೇಕಾಯಿತು. ಆರನೇ ಪುಸ್ತಕದಲ್ಲಿ ಅದೇ ಕೆಲಸ ಜಾಸ್ತಿ. ಓದೋಕೆ ಚೆನ್ನಾಗಿದೆ, ಆದರೂ ನನ್ನ ಓಟು ಬಾಲ್ನಾಗೇ. ಇತ್ತೀಚೆಗೆ ಅವಳ ಕಥೆ ಹೇಳುವಾಗ ನಾರ್ವೆಯ ಆ ಎರಡು ಸುಳ್ಳನ್ನೂ ಸೇರಿಸಿಕೊಂಡು ಹೇಳುತ್ತೇನೆ.