ನೀಲಿ ಹಾಕಿದ ಪಂಚೆ

ಭಾನುವಾರ ಬಸವನಗುಡಿಯ ಮನೆಯಲ್ಲಿ ದೊಡ್ಡಮ್ಮ ಆಡಿದ ಮಾತು ಈ ವಾರವಿಡೀ ನನ್ನನ್ನು ಬಿಟ್ಟಿಲ್ಲ. ನಾನು ಮನೆಯ ಪ್ರಿಂಟರಿನಲ್ಲಿ ಮುದ್ರಿಸಿ ಕೊಟ್ಟ ಅವರ ಫೋಟೋವನ್ನು ಕಿಟಕಿಯ ಬಳಿಗೆ ಒಯ್ದು, ಕನ್ನಡಕವನ್ನು ಹಣೆಗೇರಿಸಿ ಅವರು ಹೇಳಿದ್ದಿಷ್ಟೇ: “ಸೀರೆ ನಂದೇ ಕಣೋ. ಆದ್ರೆ ಕಾಗದ ಮಾತ್ರ ನೀಲಿ ಹಾಕಿದ ಪಂಚೆ ಥರ ಇದೆ.”

ಸೀರೆ ಅವರದೇ ಎಂದು ಒಪ್ಪಿಸಲು ನನಗೆ ಒಂದು ತಿಂಗಳು ಹಿಡಿದಿತ್ತು. ಮೊದಲ ಪ್ರತಿಯಲ್ಲಿ ಅವರ ಬದನೆಕಾಯಿ ಬಣ್ಣದ ಮೈಸೂರು ರೇಷ್ಮೆ ಶಾಲಾ ಸಮವಸ್ತ್ರದ ಕಡುನೀಲಿಗೆ ತಿರುಗಿತ್ತು. “ಇದ್ಯಾರ ಸೀರೆಯೋ?” ಎಂದು ಅವರು ಕೇಳಿದಾಗ, ಅವರ ಮಗ “ಪ್ರಿಂಟ್ ಅಂದ್ಮೇಲೆ ಅಷ್ಟು ಇದ್ದೇ ಇರತ್ತೆ ಬಿಡು” ಎಂದು ನನ್ನ ಪರ ವಹಿಸಿದ. ತನ್ನ ಕಾರಿನ ಬಾಗಿಲಿಗೆ ಬಳಿದ ಬಣ್ಣ ಒಂದೆಳೆ ಮಾಸಲಾಗಿದೆಯೆಂದು ಗ್ಯಾರೇಜಿಗೆ ಮೂರು ಸಲ ಅಲೆದವನು ಆತನೇ.

ತಪ್ಪು ಪ್ರಿಂಟರಿನದಾಗಿರಲಿಲ್ಲ. ಅದರ ಜೊತೆಗೆ ಬರುವ ಬಣ್ಣದ ಪ್ರೊಫೈಲ್ ಅದೇ ಕಂಪನಿಯ ಕಾಗದಕ್ಕೆಂದು ಮಾಡಿದ್ದು. ನಾನು ಅವೆನ್ಯೂ ರಸ್ತೆಯಿಂದ ತಂದ ಮ್ಯಾಟ್ ಕಾಗದ ಶಾಯಿಯನ್ನು ಹೀರುವ ರೀತಿಯೇ ಬೇರೆ. ಇಂತಿಷ್ಟು ಶಾಯಿ ಬಿದ್ದರೆ ಈ ಕಾಗದದ ಮೇಲೆ ನಿಜವಾಗಿ ಯಾವ ಬಣ್ಣ ಮೂಡುತ್ತದೆ ಎಂಬ ಲೆಕ್ಕವೇ ಪ್ರೊಫೈಲ್ ಆದ್ದರಿಂದ, ಅದನ್ನು ಅಳೆದೇ ತಿಳಿಯಬೇಕು. ಮುದ್ರಣಾಲಯಗಳವರು ಬಳಸುವ ಅಳತೆಯ ಉಪಕರಣಗಳ ಬೆಲೆ ಲಕ್ಷ ದಾಟುತ್ತದೆ. ನನಗೆ ಸಿಕ್ಕಿದ್ದು ಯಾರೋ ಬಳಸಿ ಬಿಟ್ಟ, ಬಣ್ಣ ಅಳೆಯುವ ಕಲರ್‌ಮಂಕಿ ಎಂಬ ಉಪಕರಣ. ಜೊತೆಗೆ ಗ್ರೇಮ್ ಗಿಲ್ ಎಂಬವರು ಬರೆದು ಉಚಿತವಾಗಿ ಕೊಟ್ಟಿರುವ, ಅಳತೆಗಳಿಂದ ಪ್ರೊಫೈಲ್ ಕಟ್ಟುವ ಆರ್ಗಿಲ್ ತಂತ್ರಾಂಶ.

ಎರಡು ಎ4 ಹಾಳೆಗಳಲ್ಲಿ 400ಕ್ಕೂ ಹೆಚ್ಚು ಬಣ್ಣದ ಚೌಕಗಳನ್ನು ಮುದ್ರಿಸಿದೆ. ಪ್ರಿಂಟರ್ ಡ್ರೈವರ್‌ನ ಬಣ್ಣ ತಿದ್ದುವ ಆಯ್ಕೆಯನ್ನು ಆಫ್ ಮಾಡಲು ಮರೆತಿದ್ದರಿಂದ ಮೊದಲ ಚಾರ್ಟು ಕಸದ ಬುಟ್ಟಿ ಸೇರಿತು. ಬೇರೆಯವರು ಉತ್ತರಗಳನ್ನು ಸರಿಪಡಿಸಿಕೊಟ್ಟ ಪತ್ರಿಕೆಯನ್ನು ನೋಡಿ ಹುಡುಗನ ಮಟ್ಟ ಅಳೆಯುವಂತಹ ಕೆಲಸವದು. ಎರಡನೆಯದನ್ನು ಶಾಯಿ ಪೂರ್ತಿ ಒಣಗಲೆಂದು ಒಂದು ದಿನ ಹಾಗೆಯೇ ಬಿಟ್ಟು, ಮರುದಿನ ರಾತ್ರಿ ಸ್ಕೇಲಿಗೆ ಒತ್ತಿಕೊಂಡು ಉಪಕರಣವನ್ನು ಸಾಲುಸಾಲಾಗಿ ಎಳೆದೆ. ವೇಗ ಹೆಚ್ಚಾದರೆ ಆ ಸಾಲನ್ನು ಮತ್ತೆ ಓದಿಸಬೇಕು. ಇಸ್ತ್ರಿ ಪೆಟ್ಟಿಗೆ ಎಳೆಯುವ ಹದ ಕೈಗೆ ಬಂದ ಮೇಲೆ ಸಾಲುಗಳು ಸರಾಗವಾಗಿ ಸಾಗಿದವು. ಕೊನೆಯಲ್ಲಿ ತಂತ್ರಾಂಶ ತೋರಿಸಿದ ಸರಾಸರಿ ವ್ಯತ್ಯಾಸ, ಬಣ್ಣಗಳ ನಡುವಿನ ಅಂತರ ಅಳೆಯುವ ಡೆಲ್ಟಾ ಇ ಮಾನದಲ್ಲಿ, 1ಕ್ಕಿಂತ ಕಡಿಮೆಯಿತ್ತು. ಓದಿದ ಚೌಕಗಳ ಮೇಲೆಯೇ ಪರೀಕ್ಷಿಸಿಕೊಂಡ ಅಂಕ ಅದೆಂದು ಗೊತ್ತಿದ್ದರೂ ಬೀಗಿದೆ.

ಹೊಸ ಪ್ರತಿಯಲ್ಲಿ ಬದನೆಕಾಯಿ ಬಣ್ಣ ಮರಳಿ ಬಂದಿತ್ತು. ಜರಿಯ ಹೊಳಪು ಬರಲಿಲ್ಲ. ಅದು ಯಾವ ಪ್ರೊಫೈಲಿಗೂ ಎಟುಕುವುದಲ್ಲ.

ಹೀಗಿರುವಾಗ ಆ ಪಂಚೆಯ ಮಾತು. ಮನೆಗೆ ಬಂದು ಎಲ್‌ಇಡಿ ದೀಪದಡಿಯಲ್ಲಿ ಅದೇ ಕಾಗದವನ್ನು ನೋಡಿದರೆ ನೀಲಿಯ ಸುಳಿವೂ ಇಲ್ಲ. ಬೆಳಿಗ್ಗೆ ಬಾಲ್ಕನಿಗೆ ಒಯ್ದಾಗ ಕಂಡಿತು. ಕಾಗದ ಬೆಳ್ಳಗೆ ಕಾಣಲೆಂದು ಬೆರೆಸುವ ಹೊಳಪುಕಾರಕ ಎಂಬ ರಾಸಾಯನಿಕವು ಹಗಲಿನ ಬೆಳಕಿನಲ್ಲಿರುವ ಅತಿನೇರಳೆ ಕಿರಣಗಳನ್ನು ಹೀರಿ ನೀಲಿಯಾಗಿ ಹೊರಸೂಸುತ್ತದೆ. ನನ್ನ ಉಪಕರಣದೊಳಗಿರುವುದೂ ಬಿಳಿ ಎಲ್‌ಇಡಿಯೇ. ಅದರಲ್ಲಿ ಅತಿನೇರಳೆ ಇಲ್ಲದಿರುವುದರಿಂದ 400 ಚೌಕಗಳನ್ನು ಓದಿದರೂ ಈ ನೀಲಿ ಅದಕ್ಕೆ ಕಾಣಲೇ ಇಲ್ಲ. ಗಿಳಿಹಸಿರು, ಮಾವಿನ ಚಿಗುರು, ನವಿಲಿನ ಕತ್ತು ಎಂದು ಬಣ್ಣಗಳನ್ನು ಬೇರ್ಪಡಿಸಿ ಹೇಳುವ, ಐವತ್ತು ವರ್ಷ ಮನೆಯ ಬಿಳಿ ಬಟ್ಟೆಗಳನ್ನು ನೀಲಿಯ ನೀರಿನಲ್ಲಿ ಅದ್ದಿ ತೆಗೆದ ಹೆಂಗಸಿಗೆ ಅದು ಒಂದೇ ನೋಟಕ್ಕೆ ಕಂಡಿತು. ಮೊದಲ ಪ್ರತಿಯನ್ನು ಅವರು ನಿರಾಕರಿಸಿದಾಗ ವಯಸ್ಸಾಯಿತು, ಕಣ್ಣು ಮಂಜಾಗಿರಬೇಕು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡಿದ್ದನ್ನು ಯಾರಿಗೂ ಹೇಳಿಲ್ಲ.

ಹೊಳಪುಕಾರಕವಿಲ್ಲದ ಕಾಗದ ಹುಡುಕಲು ಶನಿವಾರ ಮತ್ತೆ ಅವೆನ್ಯೂ ರಸ್ತೆಗೆ ಹೋಗುತ್ತಿದ್ದೇನೆ. ಬರುತ್ತೀರಾ ಎಂದು ಫೋನಿನಲ್ಲಿ ಕೇಳಿದಾಗ ದೊಡ್ಡಮ್ಮ ಒಂದೇ ಷರತ್ತು ಹಾಕಿದರು: “ಅಂಗಡಿ ಒಳಗೆ ನಿಂತು ಆರಿಸಬೇಡ. ಸೀರೆ ಥರ ಬಾಗಿಲಿಗೆ ತಂದು ನೋಡಬೇಕು.”