ಇಎಸ್‌ಸಿ ಎಲ್ಲಿ ಕೂರಬೇಕು? ಒಂದು ವಿಮಾನ ಬಿದ್ದ ಮೇಲೆ ಕಲಿತದ್ದು

ರಿಮೋಟಿನಿಂದ ಹಾರಿಸುವ ಮಾಡೆಲ್ ವಿಮಾನ ಅದು. ಮೇಲೇರಿ ಇನ್ನೂ ಏಳು ನಿಮಿಷ ಆಗಿರಲಿಲ್ಲ. ಮೊದಲು ಮೋಟಾರ್ ಸದ್ದು ನಿಂತಿತು. ಅದಕ್ಕೆ ನಾನು ಹೆದರಲಿಲ್ಲ. ಮೋಟಾರ್ ಇಲ್ಲದಿದ್ದರೂ ಆ ವಿಮಾನ ತೇಲಿಕೊಂಡು ನೆಮ್ಮದಿಯಾಗಿ ಇಳಿಯುತ್ತದೆ. ಆದರೆ ಸ್ವಲ್ಪ ಹೊತ್ತಿಗೆ ರಿಮೋಟಿನ ಸ್ಟಿಕ್ ಎಷ್ಟು ಎಳೆದರೂ ಮೂಗನ್ನು ಏರಿಸಿ ಇಳಿಸುವ ಬಾಲದ ಎಲಿವೇಟರ್ ಅಲುಗಲಿಲ್ಲ, ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯ ಏಲೆರಾನ್ ಕೂಡ ಅಲುಗಲಿಲ್ಲ. ಮೂಗು ಕೆಳಗೆ ಮಾಡಿಕೊಂಡು ನೇರ ನೆಲಕ್ಕೆ ಬಂತು.

ಮಾಡೆಲ್ ವಿಮಾನಗಳನ್ನು ಜೋಡಿಸಿ, ರಿಪೇರಿ ಮಾಡಿ ಕೊಡುವ ವರ್ಕ್‌ಶಾಪ್‌ನಲ್ಲಿ ನನ್ನ ಕೆಲಸ. ವೈರಿಂಗ್ ಪೂರ್ತಿ ನನ್ನ ಪಾಲಿನದು. ಬಿದ್ದದ್ದು ಗ್ರಾಹಕರೊಬ್ಬರ ವಿಮಾನ. ಮೂರು ಸೆಲ್‌ನ 2200 ಎಂಎಎಚ್ ಲಿಪೊ ಬ್ಯಾಟರಿ, ಬ್ರಷ್‌ಲೆಸ್ ಮೋಟಾರ್, 40 ಆಂಪಿಯರ್‌ನ ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಎಲೆಕ್ಟ್ರಾನಿಕ್ ಸ್ಪೀಡ್ ಕಂಟ್ರೋಲರ್), ಎಲಿವೇಟರ್, ಏಲೆರಾನ್‌ನಂಥವನ್ನು ಅಲುಗಿಸುವ ಪುಟ್ಟ ಮೋಟಾರ್‌ಗಳಾದ ನಾಲ್ಕು ಸರ್ವೊ. ಕೊಡುವ ಮೊದಲು ವಾಟ್‌ಮೀಟರ್ ಹಾಕಿ ಫುಲ್ ಥ್ರಾಟಲ್ (ಮೋಟಾರಿಗೆ ಪೂರ್ತಿ ವೇಗ) ಕೊಟ್ಟು ನೋಡಿದ್ದೆ. 28 ಆಂಪಿಯರ್ ತೋರಿಸಿತ್ತು. 40ರ ಇಎಸ್‌ಸಿಗೆ 28 ಏನೂ ಜಾಸ್ತಿ ಅಲ್ಲ, ಅಲ್ವಾ? ನಾನೂ ಹಾಗೇ ಅಂದುಕೊಂಡು ಮುಚ್ಚಳ ಹಾಕಿಬಿಟ್ಟಿದ್ದೆ.

ಚೂರುಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಾಗ ನಮ್ಮ ಹಿರಿಯ ಮೆಕ್ಯಾನಿಕ್ ಮೊದಲು ಬ್ಯಾಟರಿ ಅಳೆದರು. ಪ್ರತಿ ಸೆಲ್ ಸುಮಾರು 3.7 ವೋಲ್ಟ್ ಇತ್ತು. ಅಂದರೆ ಬ್ಯಾಟರಿ ಖಾಲಿಯಾಗಿ ಇಎಸ್‌ಸಿ ಮೋಟಾರನ್ನು ನಿಲ್ಲಿಸಿದ್ದಲ್ಲ. ಆಮೇಲೆ ಇಎಸ್‌ಸಿ ಹುಡುಕಿ ತೆಗೆದರು. ಅದರ ಮೇಲಿನ ಪ್ಲಾಸ್ಟಿಕ್ ಹೊದಿಕೆ ಬಿಸಿಗೆ ಸುಕ್ಕುಗಟ್ಟಿತ್ತು.

"ಇದನ್ನು ಎಲ್ಲಿ ಇಟ್ಟಿದ್ದೆ?" ಎಂದು ಕೇಳಿದರು.

"ಬ್ಯಾಟರಿ ಟ್ರೇ ಕೆಳಗೆ, ಸರ್. ಅಲುಗಾಡದ ಹಾಗೆ ಸ್ಪಂಜ್ ಒತ್ತಿ ಇಟ್ಟಿದ್ದೆ."

"ಲೋಹದ ತಗಡು ಯಾವ ಕಡೆಗಿತ್ತು?"

ಪ್ಲೈವುಡ್ ಕಡೆಗೆ ಇತ್ತು. ಅದನ್ನು ಹೇಳುವಾಗಲೇ ನನಗೆ ತಪ್ಪು ಗೊತ್ತಾಯಿತು. ಬಿಸಿ ಬಿಟ್ಟುಕೊಡಬೇಕಾದ ಮೈಯನ್ನು ಮರಕ್ಕೆ ಅಂಟಿಸಿ, ಇನ್ನೊಂದು ಮೈಗೆ ಸ್ಪಂಜ್ ಹೊದಿಸಿ ಮಲಗಿಸಿದ್ದೆ. ವಿಮಾನದ ಮೂಗಿನಲ್ಲಿ ಗಾಳಿ ಬರಲು ತೂತು ಇತ್ತು. ಹಿಂದೆ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಹೊರದಾರಿ ಇಲ್ಲದ ಒಡಲಿಗೆ ಗಾಳಿ ನುಗ್ಗುವುದೂ ಇಲ್ಲ. ಮೂಗಿನ ತೂತು ಸುಮ್ನೆ ತೂತಾಗಿಯೇ ಉಳಿಯುತ್ತದೆ.

ಇಷ್ಟು ಬಿಸಿ ಎಲ್ಲಿಂದ ಬಂತು ಎನ್ನುವುದನ್ನು ನಾನು ಆವತ್ತೇ ಸರಿಯಾಗಿ ತಿಳಿದುಕೊಂಡೆ. ಈ ಭಾಗವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಬಹಳ ಜನ ಆಂಪಿಯರ್ ಮಾತ್ರ ನೋಡುತ್ತಾರೆ.

ಇಎಸ್‌ಸಿ ಒಳಗೆ ಮಾಸ್‌ಫೆಟ್ ಎನ್ನುವ ಎಲೆಕ್ಟ್ರಾನಿಕ್ ಸ್ವಿಚ್‌ಗಳಿವೆ. ತೆರೆದಾಗ ಕರೆಂಟ್ ಹರಿಯುತ್ತದೆ, ಮುಚ್ಚಿದಾಗ ನಿಲ್ಲುತ್ತದೆ. ಬ್ಯಾಟರಿಯ ಕರೆಂಟನ್ನು ಮೋಟಾರಿನ ಮೂರು ವೈರ್‌ಗಳಿಗೆ ಸರದಿ ಪ್ರಕಾರ ಹಂಚುವುದು ಅವುಗಳ ಕೆಲಸ. ಫುಲ್ ಥ್ರಾಟಲ್‌ನಲ್ಲಿ ಅವು ತಮ್ಮ ಸರದಿ ಮುಗಿಯುವ ತನಕ ಪೂರ್ತಿ ತೆರೆದಿರುತ್ತವೆ. ಅರ್ಧ ಥ್ರಾಟಲ್‌ನಲ್ಲಿ ಹಾಗಲ್ಲ. ಕರೆಂಟನ್ನು ಕಡಿಮೆ ಮಾಡಲು ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚಬೇಕು. 8 ಕಿಲೋಹರ್ಟ್ಸ್ ಅಂದರೆ ಸೆಕೆಂಡಿಗೆ 8000 ಸಲ. ಒಂದೊಂದು ಸಲ ತೆರೆದು ಮುಚ್ಚುವಾಗಲೂ ಚೂರು ಚೂರು ಶಕ್ತಿ ಬಿಸಿಯಾಗಿ ಸೋರುತ್ತದೆ. ಹಾಗಾಗಿ ಅರ್ಧ ಥ್ರಾಟಲ್ ಅಂದರೆ ಇಎಸ್‌ಸಿಗೆ ಅರ್ಧ ಬಿಸಿ ಎಂದು ಲೆಕ್ಕ ಹಾಕುವ ಹಾಗಿಲ್ಲ. ಮೇಜಿನ ಮೇಲೆ ಮೂವತ್ತು ಸೆಕೆಂಡ್ ಫುಲ್ ಥ್ರಾಟಲ್ ಕೊಟ್ಟು ನೋಡಿದ ನನ್ನ ಪರೀಕ್ಷೆ, ಆರು ನಿಮಿಷದ ನಿಧಾನದ ಹಾರಾಟದ ಬಗ್ಗೆ ಏನನ್ನೂ ಹೇಳಿರಲಿಲ್ಲ.

ಇನ್ನೊಂದು ಬಿಸಿಯ ಮೂಲ ಇಎಸ್‌ಸಿಯೊಳಗೇ ಇರುವ ಬಿಇಸಿ. ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರ್‌ಗೂ ಸರ್ವೊಗಳಿಗೂ 5 ವೋಲ್ಟ್ ಕೊಡುವುದು ಅದೇ. ಈ ಇಎಸ್‌ಸಿಯಲ್ಲಿ ಇದ್ದದ್ದು ಲೀನಿಯರ್ ಬಿಇಸಿ. ಅದು ಹೆಚ್ಚುವರಿ ವೋಲ್ಟನ್ನು ನೇರ ಬಿಸಿ ಮಾಡಿ ಹೊರಹಾಕುತ್ತದೆ. ಪೂರ್ತಿ ಚಾರ್ಜ್ ಆದ ಮೂರು ಸೆಲ್ ಬ್ಯಾಟರಿ 12.6 ವೋಲ್ಟ್. ಅದರಲ್ಲಿ 5 ಕಳೆದರೆ 7.6. ನಾಲ್ಕು ಸರ್ವೊ ಸೇರಿ 1 ಆಂಪಿಯರ್ ಎಳೆದರೂ 7.6 ವಾಟ್ ಬಿಸಿ. ಬೆಂಕಿಪೊಟ್ಟಣದಷ್ಟು ಪುಟ್ಟ ವಸ್ತುವಿನೊಳಗೆ, ಸ್ಪಂಜ್ ಹೊದಿಕೆಯಲ್ಲಿ! ಬಿಸಿ ಮಿತಿ ದಾಟಿದಾಗ ಮೋಟಾರ್ ನಿಂತಿತು. ಬಿಇಸಿಯೂ ಕೈಕೊಟ್ಟಾಗ ರಿಸೀವರ್ ಸತ್ತಿತು. ಮೋಟಾರ್ ಹೋದರೆ ವಿಮಾನ ಇಳಿಸಬಹುದು. ರಿಸೀವರ್ ಹೋದರೆ ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಗ್ರಾಹಕರಿಗೆ ಫೋನ್ ಮಾಡಿ ನನ್ನ ಜೋಡಣೆಯ ತಪ್ಪು ಎಂದೇ ಹೇಳಿದೆ. ಬೇರೆ ಒಡಲು ತರಿಸಿ ಹೊಸದಾಗಿ ಕಟ್ಟಿಕೊಟ್ಟೆವು.

ಈಗ ಕೆಲಸದ ಕ್ರಮವನ್ನೇ ಬದಲಾಯಿಸಿಕೊಂಡಿದ್ದೇನೆ. ಮೊದಲೆಲ್ಲ ಮೋಟಾರ್, ಸರ್ವೊ, ಬ್ಯಾಟರಿ ಕೂರಿಸಿ ಉಳಿದ ಮೂಲೆಗೆ ಇಎಸ್‌ಸಿ ತುರುಕುತ್ತಿದ್ದೆ. ಈಗ ಬ್ಯಾಲೆನ್ಸ್ ನೋಡಿ ಬ್ಯಾಟರಿಯ ಜಾಗ ಗುರುತು ಹಾಕಿದ ತಕ್ಷಣ ಇಎಸ್‌ಸಿಯ ಜಾಗ ಹುಡುಕುತ್ತೇನೆ. ಗಾಳಿ ಬರುವ ದಾರಿಯಲ್ಲೇ ಅದು ಇರಬೇಕು, ಲೋಹದ ತಗಡಿನ ಮೇಲೆಯೇ ಗಾಳಿ ಹಾದುಹೋಗಬೇಕು. ಹಿಂದಿನ ತೂತನ್ನು ಮುಂದಿನದಕ್ಕಿಂತ ಎರಡರಷ್ಟು ದೊಡ್ಡದು ಮಾಡುತ್ತೇನೆ. ಬಿಸಿಯಾದ ಗಾಳಿ ಹಿಗ್ಗುತ್ತದೆ, ಹೊರಹೋಗಲು ಅದಕ್ಕೆ ಸಲೀಸಾದ ದಾರಿ ಬೇಕು.

ಅಂಟಿಸುವುದಕ್ಕೆ ವೆಲ್ಕ್ರೊ ಸಾಕು, ತಗಡು ಇಲ್ಲದ ಕಡೆಗೆ. ದಪ್ಪ ಫೋಮ್ ಟೇಪ್ ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಹಾಟ್ ಗ್ಲೂ ಬಿಸಿಗೆ ಕರಗಿ ಬಿಟ್ಟುಕೊಳ್ಳುತ್ತದೆ. ಜಿಪ್ ಟೈ ಹಾಕುವುದಾದರೆ ಇಎಸ್‌ಸಿಯ ಕೆಪಾಸಿಟರ್ (ವೋಲ್ಟೇಜ್ ಏರಿಳಿತ ತಡೆಯುವ ಪುಟ್ಟ ಡಬ್ಬಿ) ಮೇಲೆ ಬೀಳದ ಹಾಗೆ, ಕೈಯಿಂದ ಎಳೆದಷ್ಟೇ ಬಿಗಿ. ಇಕ್ಕಳ ಹಿಡಿದು ಎಳೆಯಬೇಡಿ.

ವೈರ್ ಉದ್ದದ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ಒಂದು ವಿಮಾನದಲ್ಲಿ ಬ್ಯಾಟರಿ ಬಹಳ ಹಿಂದೆ ಬೇಕಿತ್ತು. ಯಾರೋ ಬ್ಯಾಟರಿ ವೈರ್‌ಗಳನ್ನು ಸುಮಾರು 30 ಸೆಂಟಿಮೀಟರ್ ಉದ್ದ ಮಾಡಿಸಿದ್ದರು. ನಮ್ಮಲ್ಲಿಗೆ ಬರುವಷ್ಟರಲ್ಲಿ ಇಎಸ್‌ಸಿಯ ಕೆಪಾಸಿಟರ್‌ಗಳ ತಲೆ ಉಬ್ಬಿಹೋಗಿತ್ತು. ಮಾಸ್‌ಫೆಟ್ ಮುಚ್ಚಿದ ಪ್ರತಿ ಸಲವೂ ಉದ್ದ ವೈರ್‌ನಲ್ಲಿ ಹರಿಯುತ್ತಿದ್ದ ಕರೆಂಟ್ ತಟ್ಟನೆ ನಿಲ್ಲಲಾರದು. ಆ ನೂಕು ವೋಲ್ಟೇಜ್ ಏರಿಳಿತವಾಗಿ ಕೆಪಾಸಿಟರ್ ಮೇಲೆ ಬೀಳುತ್ತದೆ. ಹಾಗಾಗಿ ಇಎಸ್‌ಸಿ ಬ್ಯಾಟರಿಯ ಹತ್ತಿರ ಇರಲಿ. ಉದ್ದ ಮಾಡಲೇಬೇಕಾದರೆ ಮೋಟಾರ್ ಕಡೆಯ ಮೂರು ವೈರ್‌ಗಳನ್ನು ಮಾಡಿ, ಅದೇ ದಪ್ಪದ ವೈರ್ ಹಾಕಿ, ಮೂರೂ ಒಂದೇ ಅಳತೆ ಇರಲಿ. ಬೇರೆ ದಾರಿಯೇ ಇಲ್ಲದೆ ಬ್ಯಾಟರಿ ಕಡೆ ಉದ್ದವಾದರೆ, ಇಎಸ್‌ಸಿ ಪಕ್ಕದಲ್ಲೇ ಒಳ್ಳೆಯ ಲೋ ಇಎಸ್‌ಆರ್ (ಒಳಗಿನ ರೆಸಿಸ್ಟೆನ್ಸ್ ಕಡಿಮೆ ಇರುವ) ಕೆಪಾಸಿಟರ್‌ಗಳನ್ನು ಬೆಸುಗೆ ಹಾಕಬೇಕು.

ರಿಸೀವರನ್ನು ಜಾಗ ಇದ್ದಷ್ಟು ದೂರ ಇಡುತ್ತೇನೆ. ಆಂಟೆನಾ ಮೋಟಾರ್ ವೈರ್‌ಗಳ ಜೊತೆ ಸೇರಬಾರದು. ಮೋಟಾರ್ ಉಲ್ಟಾ ತಿರುಗಿದರೆ ಯಾವುದಾದರೂ ಎರಡು ವೈರ್ ಅದಲುಬದಲು ಮಾಡಿದರೆ ಆಯಿತು. ಆದರೆ ಬ್ಯಾಟರಿಯ ಪ್ಲಸ್ ಮೈನಸ್ ಅದಲುಬದಲಾದರೆ ಇಎಸ್‌ಸಿ ಆ ಕ್ಷಣವೇ ಸುಡುತ್ತದೆ. ಈ ಪರೀಕ್ಷೆಗಳೆಲ್ಲ ಪ್ರೊಪೆಲ್ಲರ್ ಬಿಚ್ಚಿಟ್ಟೇ ನಡೆಯಬೇಕು.

ಕೊಡುವ ಮುನ್ನ ಈಗ ಹಾರಿಸಿಯೇ ನೋಡುತ್ತೇನೆ. ಮೊದಲ ಸಲ ಮೂರು ನಿಮಿಷ, ಜಾಸ್ತಿ ಹೊತ್ತು ಅರ್ಧ ಥ್ರಾಟಲ್‌ನಲ್ಲಿ. ಇಳಿದ ತಕ್ಷಣ ಮುಚ್ಚಳ ತೆಗೆದು ತಗಡಿಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿಯುತ್ತೇನೆ. ನನ್ನ ಗೆರೆ 60 ಡಿಗ್ರಿ. ಅದಕ್ಕಿಂತ ಮೇಲೆ ಹೋದರೆ ಮತ್ತೆ ತೂತು, ಮತ್ತೆ ಜಾಗ ಬದಲಾವಣೆ.

ಹೊಸದಾಗಿ ಕಟ್ಟಿಕೊಟ್ಟ ಆ ವಿಮಾನಕ್ಕೆ ಲೀನಿಯರ್‌ನಷ್ಟು ಬಿಸಿಯಾಗದ ಸ್ವಿಚಿಂಗ್ ಬಿಇಸಿ ಪ್ರತ್ಯೇಕವಾಗಿ ಹಾಕಿದೆ. ಎರಡು ಬಿಇಸಿ ಒಟ್ಟಿಗೆ ರಿಸೀವರ್‌ಗೆ ಕರೆಂಟ್ ಕೊಡದ ಹಾಗೆ, ಇಎಸ್‌ಸಿಯಿಂದ ರಿಸೀವರ್‌ಗೆ ಹೋಗುವ ಕೆಂಪು ವೈರನ್ನು ಪಿನ್‌ನಿಂದ ಬಿಡಿಸಿ, ಟೇಪ್ ಸುತ್ತಿ ಬದಿಗೆ ಮಡಚಿಟ್ಟೆ. ಗ್ರಾಹಕರು ಬಂದ ದಿನ ಎಂಟು ನಿಮಿಷ ಹಾರಿಸಿ ಇಳಿಸಿದರು. ಮುಚ್ಚಳ ತೆಗೆದು ಇಬ್ಬರೂ ಬಗ್ಗಿ ನೋಡಿದೆವು. 47 ಡಿಗ್ರಿ ಇತ್ತು.