ಇನ್ನೂ ಆ ಗುದ್ದಾಟದ ಗೇಮ್ ಬಿಟ್ಟಿಲ್ಲೇನು?

ಇಲ್ಲ, ಬಿಟ್ಟಿಲ್ಲ. ಬಿಡುವುದೂ ಇಲ್ಲ. ಪರದೆಯ ಮೇಲೆ ಇಬ್ಬರು ಹೊಡೆದಾಡುವ ವಿಡಿಯೋ ಗೇಮ್ ಅದು, ಸ್ಟ್ರೀಟ್ ಫೈಟರ್. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಕೇಳಿದವರಿಗೆ ಇದನ್ನೇ ತೋರಿಸುತ್ತೇನೆ.

ಕೇಳುವ ಧಾಟಿ ಹೀಗಿರುತ್ತದೆ: "ಇಷ್ಟು ವರ್ಷದಿಂದ ಅದೇ ಇಬ್ಬರು, ಅದೇ ಹೊಡೆದಾಟ. ಬೇಜಾರಾಗಲ್ವಾ?" ಆ "ಅದೇ" ಕೇಳಿದರೇ ಮೈ ಉರಿಯುತ್ತದೆ.

ಹೋದ ಬೇಸಿಗೆಯಲ್ಲಿ ಬಾಗಲಕೋಟೆ ನವನಗರದಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಹತ್ತು ಜನರ ಮುಂದೆ ಕಾಕಾ ಕೇಳಿಯೇಬಿಟ್ಟರು. "ತಮ್ಮಾ, ಇನ್ನೂ ಆ ಗುದ್ದಾಟದ ಗೇಮ್ ಬಿಟ್ಟಿಲ್ಲೇನು? ತಲಿ ಕೂದಲಾ ಉದುರಿ ಹೋದ್ವಲ್ಲೋ!" ಈ ಕಾಕಾ ಸುತ್ತಲಿನ ಯಾವ ಜಾತ್ರೆಯ ಕುಸ್ತಿಯನ್ನೂ ತಪ್ಪಿಸುವವರಲ್ಲ.

"ಕಾಕಾ, ಕುಸ್ತಿಯೊಳಗೂ ಅವೇ ಪಟ್ಟು, ಅದೇ ಮಣ್ಣು ಅಲ್ಲೇನ್ರಿ?" ಅಂದೆ.

"ಪಟ್ಟು ಅವೇ ಖರೆ. ಪೈಲ್ವಾನ ಬ್ಯಾರೆ ಇರ್ತಾನಲ್ಲೋ!"

ಉತ್ತರ ಅವರ ಬಾಯಿಂದಲೇ ಬಂತು, ಅವರಿಗೆ ಮಾತ್ರ ಗೊತ್ತಾಗಲಿಲ್ಲ. ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿಸಿಕೊಂಡು, "ಇದ್ರಾಗ ರೊಕ್ಕ ಎಷ್ಟ್ ಸಿಗ್ತೈತಿ?" ಅಂದರು. ಏನೂ ಸಿಗಲ್ಲ. ಕುಸ್ತಿ ನೋಡಿದ್ದಕ್ಕೆ ಅವರಿಗೆ ಎಷ್ಟು ಸಿಕ್ಕಿದೆಯೋ ಅಷ್ಟೇ.

ಆಟದ ಲೆಕ್ಕ ದೊಡ್ಡದೇನಲ್ಲ. ಏಟನ್ನು ತಡೆಯಬಹುದು. ತಡೆದು ಕೂತವನನ್ನು ಹಿಡಿದು ಒಗೆಯಬಹುದು. ಹಿಡಿಯಲು ಬಂದವನಿಗೆ ಮೊದಲೇ ಬಾರಿಸಬಹುದು. ಪರದೆಯ ಮೇಲೆ ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ, ಪ್ರತಿ ಏಟಿಗೂ ಇಂತಿಷ್ಟು ಫ್ರೇಮ್. ಇಷ್ಟನ್ನು ಮಗ್ಗಿ ಥರ ಬಾಯಿಪಾಠ ಮಾಡಬಹುದು. ಆಮೇಲೆ ಎದುರಿಗೆ ಒಬ್ಬ ಮನುಷ್ಯ ಬಂದು ಕೂರುತ್ತಾನೆ, ಎಲ್ಲ ಮರೆತುಹೋಗುತ್ತದೆ.

2004ರಲ್ಲಿ ಅಮೆರಿಕದಲ್ಲಿ ಇಂಥ ಗುದ್ದಾಟದ ಗೇಮುಗಳಿಗೇ ನಡೆಯುವ ಇವೊ ಟೂರ್ನಿಯಲ್ಲಿ ಜಪಾನಿನ ಡೈಗೊ ಉಮೆಹರಾ ಆಡಿದ್ದನ್ನು ನೋಡಿ. ಆಟ ಸ್ಟ್ರೀಟ್ ಫೈಟರ್ 3 ಥರ್ಡ್ ಸ್ಟ್ರೈಕ್. ಅವರು ಆಡಿಸುತ್ತಿದ್ದ ಪಾತ್ರ ಕೆನ್‌ಗೆ ಉಳಿದದ್ದು ಕೂದಲೆಳೆಯಷ್ಟು ಜೀವ. ಎದುರಾಳಿ ಜಸ್ಟಿನ್ ವಾಂಗ್, ತಮ್ಮ ಪಾತ್ರ ಚುನ್-ಲಿಯ ಸೂಪರ್ ಬಿಟ್ಟರು, ಒಂದರ ಹಿಂದೊಂದು ಒದೆತ ಬೀಳುವ ದೊಡ್ಡ ಏಟು. ತಡೆದರೂ ಅದು ಚೂರು ಜೀವ ತಿನ್ನುತ್ತದೆ, ಹಾಗಾಗಿ ಸುಮ್ನೆ ತಡೆದರೂ ಸಾವೇ. ಉಳಿದದ್ದು ಪ್ಯಾರಿ ಒಂದೇ, ಜೀವ ಕಳೆದುಕೊಳ್ಳದೆ ಏಟನ್ನು ತಳ್ಳಿಹಾಕುವ ಪಟ್ಟು. ಅದಕ್ಕೆ ಹಿಂದೆ ಸರಿಯುವಂತಿಲ್ಲ, ಏಟು ತಾಗುವ ಕ್ಷಣಕ್ಕೆ ಸರಿಯಾಗಿ ಅದರ ಕಡೆಗೇ ಒತ್ತಬೇಕು. ಡೈಗೊ 15 ಒದೆತಗಳನ್ನೂ ಹಾಗೇ ದಾಟಿ ಆ ಪಂದ್ಯ ಗೆದ್ದರು. ಫೈನಲ್‌ನಲ್ಲಿ ಸೋತರು. ಅದನ್ನು ಯಾರೂ ಹೇಳಲ್ಲ, ಅಲ್ವಾ?

ನನ್ನನ್ನೂ ಯಾರೂ ಕೇಳಲ್ಲ, "ಯಾರ ಕೈಲಿ ಸೋತೆ?" ಅಂತ. ಕೇಳಿದ್ದರೆ ಬೆಳಗಿನ ತನಕ ಹೇಳುತ್ತಿದ್ದೆ.

ಹಳೇ ಊರಿನ ಒಂದು ಓಣಿಯಲ್ಲಿ ವಿಡಿಯೋ ಗೇಮ್ ಅಂಗಡಿ ಇತ್ತು. ಎರಡು ಮಷೀನು, ರೂಪಾಯಿಗೊಂದು ಕಾಯಿನ್, ಬೆವರು ವಾಸನೆ. ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಿದ್ದ ಒಬ್ಬ ಹುಡುಗ ಸಂಜೆ ಗ್ರೀಸು ಮೆತ್ತಿದ ಕೈಯಲ್ಲೇ ಬರುತ್ತಿದ್ದ. ಸ್ಟ್ರೀಟ್ ಫೈಟರ್ 2ರಲ್ಲಿ ಅವನು ಹಿಡಿಯುತ್ತಿದ್ದದ್ದು ಧಾಲ್ಸಿಮ್. ಜಪಾನಿನವರು ಮಾಡಿದ ಇಂಡಿಯಾದ ಯೋಗಿ. ಕೈಕಾಲು ರಬ್ಬರಿನ ಹಾಗೆ ಉದ್ದವಾಗುತ್ತವೆ, ಬಾಯಲ್ಲಿ ಬೆಂಕಿ. (ನಮ್ಮೂರಲ್ಲಿ ಅಂಥ ಯೋಗಿಯನ್ನು ನಾನಂತೂ ನೋಡಿಲ್ಲ.) ನಾನು ರ್‍ಯು. ತಿಂಡಿಗೆ ಕೊಟ್ಟ ರೊಕ್ಕ ಎಷ್ಟು ಆ ಮಷೀನಿನ ಹೊಟ್ಟೆಗೆ ಹೋಯಿತೋ ಅವ್ವನಿಗೆ ಇಂದಿಗೂ ಗೊತ್ತಿಲ್ಲ.

ಒಂದು ದಿನ ತಡೆಯಲಾಗದೆ ಕೇಳಿದೆ, "ನಾ ಏನ್ ಮಾಡ್ತೀನಂತ ಮೊದಲ ಹೆಂಗ್ ಗೊತ್ತಾಗ್ತೈತಿ ನಿನಗ?"

ಅವನು ಪರದೆ ನೋಡುತ್ತಲೇ ಅಂದ, "ಸಿಟ್ಟ ಬಂದ್ರ ನೀ ಹಾರ್ತಿ."

ಆಲಮಟ್ಟಿ ಹಿನ್ನೀರು ಬಂತು, ಆ ಓಣಿ ಮುಳುಗಿತು. ಹುಡುಗ ಎಲ್ಲಿ ಹೋದನೋ ಗೊತ್ತಿಲ್ಲ. ನವನಗರದ ಸೆಕ್ಟರ್‌ಗಳಲ್ಲಿ ಸೈಕಲ್ ಅಂಗಡಿ ಕಂಡರೆ ಈಗಲೂ ಒಮ್ಮೆ ಇಣುಕುತ್ತೇನೆ.

ಮೊನ್ನೆ ರಾತ್ರಿ ಸ್ಟ್ರೀಟ್ ಫೈಟರ್ 6ರಲ್ಲಿ ಯಾರೋ ಗುರುತಿಲ್ಲದವರ ಜೊತೆ ಆನ್‌ಲೈನ್ ಆಡುತ್ತಿದ್ದೆ. ಕೊನೆಯ ರೌಂಡು, ನನಗೇ ಜೀವ ಜಾಸ್ತಿ ಇತ್ತು. ಆ ಪುಣ್ಯಾತ್ಮ ಮೂಲೆಗೆ ಕೂತು ಕೆಣಕುತ್ತಲೇ ಇದ್ದ.

ಹಾರಿದೆ.